ಓದುಗರ ಪ್ರಶ್ನೆ: ಹಳೆ ಗೋವೆಯನ್ನು ನದಿಯ ಕಡೆಯಿಂದ ನೋಡಿ

ಪ್ರಶ್ನೆ: ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಹಳೆ ಗೋವೆಯ ಚರ್ಚುಗಳನ್ನು ನೋಡಬೇಕೆಂದಿದ್ದೇವೆ. ಅವ್ವಗ ಮಂಡಿನೋವು. ವಾಸ್ಕೊ ರೈಲಿಗೆ ಟಿಕೆಟ್ ಮಾಡಿಸಲೇ? ಎಲ್ಲಿಂದ ಶುರು ಮಾಡಬೇಕು?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ವಾಸ್ಕೊ ತನಕ ಹೋಗಬೇಡಿ, ಮಡಗಾಂವದಲ್ಲೇ ಇಳಿಯಿರಿ. ಹಳೆ ಗೋವೆಗೆ ಹತ್ತಿರದ ನಿಲ್ದಾಣ ಕರಮಳಿ. ಅದು ಕೊಂಕಣ ರೈಲ್ವೆಯದು, ವಾಸ್ಕೊ ಗಾಡಿ ಅಲ್ಲಿಗೆ ಹೋಗದು. ಮಡಗಾಂವದಲ್ಲಿ ಗಾಡಿ ಬದಲಿಸಬೇಕು. ಹಿರಿಯರಿದ್ದರೆ ಬಸ್ಸೇ ಮೇಲು. ಅನಮೋಡ ಘಾಟ್ ಇಳಿದು ಪೊಂಡಾ ಮೇಲೆ ಹೋಗುವ ಬಸ್ಸಾದರೆ ಪಣಜಿಗಿಂತ ಸುಮಾರು 10 ಕಿ.ಮೀ. ಮೊದಲೇ ಹಳೆ ಗೋವೆ ಸಿಗುತ್ತದೆ. ಕಂಡಕ್ಟರಿಗೆ ಮೊದಲೇ ಹೇಳಿಡಿ.

ಹೆಚ್ಚಿನವರು ಬಸ್ಸಿಳಿದವರೇ ಬೋಮ್ ಜೀಸಸ್ ಬೆಸಿಲಿಕಾ ಎಂಬ ದೊಡ್ಡ ಚರ್ಚಿಗೆ ನುಗ್ಗಿ, ಅರ್ಧ ತಾಸಿನಲ್ಲಿ ಬೀಚಿಗೆ ಹೊರಡುತ್ತಾರೆ. ಹಾಗೆ ಮಾಡಿದರೆ ಊರು ಅರ್ಥವಾಗುವುದಿಲ್ಲ. ಇದು ಹಡಗಿನಲ್ಲಿ ಬಂದ ಪೋರ್ಚುಗೀಸರು ಬೆಳೆಸಿದ ಊರು. ಮಾಂಡವಿ ನದಿಯ ದಂಡೆಯಿಂದಲೇ ಒಳಗೆ ಬನ್ನಿ. ದಿವಾರ್ ದ್ವೀಪಕ್ಕೆ ಫೆರಿ ಹೊರಡುವ ಜಾಗದ ಬಳಿ ವೈಸರಾಯ್ ಕಮಾನು ಇದೆ. ಹೊಸದಾಗಿ ಬಂದ ಪೋರ್ಚುಗೀಸ್ ವೈಸರಾಯ್ ಇದರಡಿಯಲ್ಲೇ ಊರು ಹೊಗುತ್ತಿದ್ದ. ಸ್ವಲ್ಪ ಮುಂದೆ, ರೋಮಿನ ಸೇಂಟ್ ಪೀಟರ್ಸ್ ಮಾದರಿಯ ಸೇಂಟ್ ಕೆಜೆಟನ್ ಚರ್ಚಿನ ಪಕ್ಕದಲ್ಲಿ ಆದಿಲ್‌ಶಾಹಿ ಅರಮನೆಯ ಬಾಗಿಲು ಮಾತ್ರ ಉಳಿದು ನಿಂತಿದೆ. 1510ರಲ್ಲಿ ಪೋರ್ಚುಗೀಸರು ಈ ಊರನ್ನು ಕಸಿದುಕೊಂಡದ್ದು ನಮ್ಮ ವಿಜಯಪುರದ ಸುಲ್ತಾನರಿಂದ. ಕನ್ನಡ ನಾಡಿನಿಂದ ಹೋದವರು ಈ ಬಾಗಿಲಿನ ಮುಂದೆ ಐದು ನಿಮಿಷ ನಿಲ್ಲಲೇಬೇಕು.

ಬೆಳಗಿನ ಬಿಸಿಲು ಸೆ ಕೆಥೆಡ್ರಲ್‌ನ ಮುಖಕ್ಕೆ ಬೀಳುತ್ತದೆ. 1562ರಲ್ಲಿ ಕೆಲಸ ಶುರುವಾದ ಈ ಕಟ್ಟಡಕ್ಕೆ ಒಂದೇ ಗೋಪುರ. ಇನ್ನೊಂದು 1776ರಲ್ಲಿ ಬಿದ್ದದ್ದು ಮತ್ತೆ ಏಳಲಿಲ್ಲ. ಪಕ್ಕದ ಮ್ಯೂಸಿಯಂಗೆ ಶುಕ್ರವಾರ ರಜೆ. ಮಧ್ಯಾಹ್ನದ ಮೇಲೆ ರಸ್ತೆ ದಾಟಿ ಬೋಮ್ ಜೀಸಸ್ ಬೆಸಿಲಿಕಾಕ್ಕೆ ಹೋಗಿ. ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹವಿರುವ ಬೆಳ್ಳಿ ಪೆಟ್ಟಿಗೆ ಎತ್ತರದ ಸ್ಮಾರಕದ ಮೇಲಿರುವುದರಿಂದ ಎಲ್ಲರೂ ಕತ್ತೆತ್ತಿ ನೋಡಿ ಬಂದುಬಿಡುತ್ತಾರೆ. ಕೆಳಗಿನ ಕಂಚಿನ ಫಲಕಗಳನ್ನು ಬಿಡಬೇಡಿ, ಸಂತರ ಬದುಕೆಲ್ಲ ಅಲ್ಲಿದೆ. ಆ ಸ್ಮಾರಕ ಇಟಲಿಯ ಫ್ಲಾರೆನ್ಸಿನಿಂದ ಬಂದು 1698ರಲ್ಲಿ ಇಲ್ಲಿ ನಿಂತಿತು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಭಾನುವಾರ ಬೆಳಿಗ್ಗೆ ಬಲಿಪೂಜೆ (ಚರ್ಚಿನ ಪ್ರಾರ್ಥನೆ, ಮಾಸ್) ಇರುವುದರಿಂದ ಪ್ರವಾಸಿಗರಿಗೆ ಪ್ರವೇಶ ತಡ. ಡಿಸೆಂಬರ್ 3 ಸಂತರ ಹಬ್ಬ. ಭಕ್ತಿಗೆ ಹೋಗುವವರಿಗೆ ಒಳ್ಳೆಯ ದಿನ, ಕಟ್ಟಡ ನೋಡುವವರಿಗೆ ಅಲ್ಲ.

ಸಂಜೆಗೆ ಸೇಂಟ್ ಆಗಸ್ಟೀನ್ ಗೋಪುರ. ಅದು ಗುಡ್ಡದ ಮೇಲಿದೆ, ಅವ್ವನವರನ್ನು ಗಾಡಿಯಲ್ಲೇ ಕರೆದೊಯ್ಯಿರಿ.

ಪ್ರಶ್ನೆ: ಸೇಂಟ್ ಆಗಸ್ಟೀನ್ ಗೋಪುರ ಒಂದೇ ಹಾಗೆ ಹಾಳುಬಿದ್ದದ್ದೇಕೆ? ಮಳೆಗಾಲದಲ್ಲಿ ಹೋಗಬಹುದೇ?
(ಹಾವೇರಿ)

ಉತ್ತರ: ಕಾರಣ ಅಲ್ಲಿನ ಕಲ್ಲಿನಲ್ಲೇ ಇದೆ. ಇಲ್ಲಿಯ ಕಟ್ಟಡಗಳೆಲ್ಲ ಬಹುಮಟ್ಟಿಗೆ ಜಂಬಿಟ್ಟಿಗೆಯವು. ಆ ಕಲ್ಲು ತೂತುತೂತಾಗಿರುತ್ತದೆ, ನೀರು ಹೀರುತ್ತದೆ. ಸುಣ್ಣದ ಗಾರೆಯೇ ಅದರ ಕೊಡೆ. 1835ರಲ್ಲಿ ಧಾರ್ಮಿಕ ಸಂಘಗಳನ್ನು ರದ್ದು ಮಾಡಿದಾಗ ಆಗಸ್ಟೀನ್ ಸಂನ್ಯಾಸಿಗಳು ಹೊರಟುಹೋದರು, ಗಾರೆ ಬಳಿಯುವ ಕೈ ಇಲ್ಲದಾಯಿತು. 1842ರಲ್ಲಿ ಚಾವಣಿಯ ಕಮಾನು ಕುಸಿಯಿತು, 1931ರಲ್ಲಿ ಮುಂಭಾಗವೂ ಬಿತ್ತು. ಈಗ ಉಳಿದಿರುವುದು 46 ಮೀಟರ್ ಎತ್ತರದ ಗೋಪುರದ ಒಂದು ಪಾಲು. ಅದರ ಗಂಟೆಯನ್ನು ಪಣಜಿಯ ಬಿಳಿ ಚರ್ಚಿನಲ್ಲಿ ನೋಡಬಹುದು. ಮಳೆಗಾಲದಲ್ಲಿ ಈ ಕಲ್ಲಿಗೆ ಪಾಚಿ ಕಟ್ಟಿ ವಿಪರೀತ ಜಾರುತ್ತದೆ. ನವೆಂಬರಿನಿಂದ ಫೆಬ್ರುವರಿ ಒಳಗೆ ಹೋಗಿ.

ಪ್ರಶ್ನೆ: ರೈಲಿನಲ್ಲೇ ಹೋಗುತ್ತೇವೆ. ದಾರಿಯಲ್ಲಿ ನೋಡುವಂಥದ್ದೇನಾದರೂ ಇದೆಯೇ?
(ಧಾರವಾಡ)

ಉತ್ತರ: ದಾರಿಯೇ ಪೋರ್ಚುಗೀಸರ ಕಾಲದ್ದು. ನಿಮ್ಮೂರಿನ ಕರ್ನಾಟಕ ಕಾಲೇಜಿನ ಹಳೆಯ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. ಆ ರೈಲ್ವೆ ಕ್ಯಾಸಲ್‌ರಾಕ್‌ನಲ್ಲಿ ಪೋರ್ಚುಗೀಸರ ಮಾರ್ಗವನ್ನು ಕೂಡುತ್ತಿತ್ತು. 1961ರ ತನಕ ಅದು ಗಡಿ ನಿಲ್ದಾಣ. ಅಲ್ಲಿಂದ ಕುಳೆಂ ತನಕ 37 ಅಡಿಗೆ ಒಂದು ಅಡಿಯಷ್ಟು ಇಳಿಜಾರು. ಅದಕ್ಕೇ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ, ಗಾಡಿ ನಿಧಾನ. ದೂಧಸಾಗರ ಜಲಪಾತದ ಬಳಿ ಗಾಡಿ ನಿಂತಂತಾದರೂ ಇಳಿಯಬೇಡಿ. ಹಳಿಗಿಳಿಯುವುದು ಅಪಾಯ, ದಂಡವೂ ಬೀಳುತ್ತದೆ.