ಬ್ರಿಟನ್‌ನಲ್ಲಿ ಮನೆ ಕೊಂಡಿದ್ದೇವೆ. 7,500 ಪೌಂಡ್ ಗ್ರಾಂಟ್ ನಿಲ್ಲುವ ಮುಂಚೆ ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ (ಹೊರಗಿನ ಶಾಖವನ್ನ ಕರೆಂಟಿನಿಂದ ಮನೆಯೊಳಗೆ ತರೋ ಯಂತ್ರ) ಹಾಕಿಸಿಬಿಡಲೇ?

ಈ ಗಾಬರಿ ನನಗೂ ಇತ್ತು. 2023ರ ಅಕ್ಟೋಬರ್‌ನಲ್ಲಿ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್, ಅಂದ್ರೆ ಹೀಟ್ ಪಂಪ್‌ಗೆ ಸರ್ಕಾರ ಕೊಡೋ ಈ ಗ್ರಾಂಟಿನ ಮೊತ್ತ 5,000ದಿಂದ 7,500 ಪೌಂಡ್‌ಗೆ ಏರಿದ್ದೇ ತಡ, ಇಂಗ್ಲೆಂಡಿನ ನಮ್ಮ ಹಳೇ ಇಟ್ಟಿಗೆ ಮನೆಗೆ ಇನ್‌ಸ್ಟಾಲರ್‌ನ ಕರೆಸಿದೆ. ಅರ್ಜಿ ಹಾಕೋದು ಅವರೇ. ದುಡ್ಡು ನಮ್ಮ ಕೈಗೆ ಬರೋದಿಲ್ಲ, ಬಿಲ್ಲಿನಲ್ಲೇ ಮುರಿದುಕೊಳ್ತಾರೆ. ವ್ಯಾಟ್ ಸೊನ್ನೆ. ಅಲ್ಲಿವರೆಗೂ ಎಲ್ಲ ಸಲೀಸು.

ಎಡವಿದ್ದು ರೇಡಿಯೇಟರ್ ವಿಷಯದಲ್ಲಿ, ಅಂದ್ರೆ ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗೆ ಮಾಡೋ ಗೋಡೆಯ ಫಲಕಗಳು. ಆತ ಕೋಣೆ ಕೋಣೆ ಅಳೆದು, ಶಾಖ ಎಷ್ಟು ಸೋರುತ್ತೆ ಅಂತ ಲೆಕ್ಕ ಹಾಕಿ, "ಇವು ಸಾಲಲ್ಲ, ದೊಡ್ಡವು ಬೇಕು" ಅಂದ. "ಈಗಷ್ಟೇ ಪೇಂಟ್ ಮಾಡ್ಸಿದೀವಿ, ಇವೇ ಇರಲಿ ಬಿಡಿ" ಅಂದೆ. ಹಾಗಾದ್ರೆ ನೀರನ್ನ 55 ಡಿಗ್ರಿಗೆ ಇಡಬೇಕಾಗುತ್ತೆ ಅಂತ ಕಾಗದದಲ್ಲಿ ಬರೆದೇ ಕೊಟ್ಟ. ನಾನು ಓದದೆ ಸಹಿ ಹಾಕಿದೆ.

ಅದರ ಅರ್ಥ ಬಿಲ್ ಬಂದಾಗ ಆಯ್ತು. ಗ್ಯಾಸ್ ಬಾಯ್ಲರ್ 70 ಡಿಗ್ರಿ ನೀರು ಕಳಿಸ್ತಿತ್ತು, ಸಣ್ಣ ರೇಡಿಯೇಟರ್‌ಗೂ ಅದು ಸಾಕಾಗ್ತಿತ್ತು. ಅದೇ ರೇಡಿಯೇಟರ್‌ಗೆ 45 ಡಿಗ್ರಿ ನೀರು ಬಿಟ್ರೆ ಮೊದಲಿನ ಅರ್ಧದಷ್ಟೂ ಶಾಖ ಬರಲ್ಲ. ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಮೂರು, ಮೂರೂವರೆ ಯೂನಿಟ್ ಶಾಖ ಕೊಡುತ್ತೆ ಅಂತಾರಲ್ಲ, ಅದು ನೀರು 35–45ರಲ್ಲಿದ್ದಾಗಿನ ಮಾತು. 55ಕ್ಕೆ ಏರಿಸಿದ್ರೆ ಆ ಲೆಕ್ಕ ಇಳಿಯುತ್ತೆ. ಇಲ್ಲಿ ಕರೆಂಟಿನ ಯೂನಿಟ್ ದರ ಗ್ಯಾಸಿನ ಹೆಚ್ಚೂಕಮ್ಮಿ ನಾಲ್ಕರಷ್ಟು, ಬಾಯ್ಲರ್‌ನಲ್ಲೂ ಸ್ವಲ್ಪ ಶಾಖ ಪೋಲಾಗುತ್ತೆ ಅಂತ ಹಿಡಿದ್ರೂ, ಸುಮಾರು ಮೂರೂವರೆಗಿಂತ ಕೆಳಗಿಳಿದ್ರೆ ಗ್ಯಾಸೇ ಅಗ್ಗ. ಹಸಿರು ಯೋಜನೆಗಳ ಖರ್ಚಿನ ಬಹುಪಾಲನ್ನ ವರ್ಷಗಟ್ಟಲೆ ಕರೆಂಟ್ ಬಿಲ್ಲಿನ ಮೇಲೇ ಹೇರಿ, ಆಮೇಲೆ ಕರೆಂಟಿಗೆ ಬನ್ನಿ ಅಂತ ಗ್ರಾಂಟ್ ಕೊಡೋ ಸರ್ಕಾರದ ಜಾಣತನಕ್ಕೆ ಏನನ್ನಬೇಕೋ!

ಕೊನೆಗೆ ರೇಡಿಯೇಟರ್ ಬದಲಾಯಿಸಿದೆ. ಆ ಖರ್ಚಿಗೆ ಗ್ರಾಂಟ್ ಇಲ್ಲ, ಪೇಂಟೂ ಮತ್ತೆ ಆಯ್ತು. ಈಗ ಪಂಪ್ 42ರಲ್ಲಿ ಓಡ್ತಿದೆ, ಮನೆ ಬೆಚ್ಚಗಿದೆ, ವಾಪಸ್ ಗ್ಯಾಸಿಗಂತೂ ಹೋಗಲ್ಲ.

ಅದಕ್ಕೇ ಗ್ರಾಂಟ್ ಯಾವಾಗ ನಿಲ್ಲುತ್ತೆ ಅನ್ನೋ ಚಿಂತೆ ಬಿಡಿ, ಅದು ನಿಮ್ಮ ಪ್ರಶ್ನೆಯೇ ಅಲ್ಲ. ಈ ಚಳಿಗಾಲ ಈಗಿರೋ ಬಾಯ್ಲರ್‌ನಲ್ಲೇ ರೇಡಿಯೇಟರ್‌ಗೆ ಹೋಗೋ ನೀರನ್ನ 50 ಡಿಗ್ರಿಗೆ ಇಳಿಸಿ ನೋಡಿ (ಸ್ನಾನದ ನೀರನ್ನಲ್ಲ). ಮೈನಸ್ ಡಿಗ್ರಿ ಇರೋ ದಿನವೂ ಮನೆ ಬೆಚ್ಚಗಿದ್ರೆ ಧೈರ್ಯವಾಗಿ ಇನ್‌ಸ್ಟಾಲರ್‌ನ ಕರೆಸಿ. ಯಾವ ಕೋಣೆ ತಣ್ಣಗಿರುತ್ತೋ ಅಲ್ಲಿನ ರೇಡಿಯೇಟರ್‌ನ ಮೊದಲು ಬದಲಾಯಿಸಿ. ನಿಮ್ಮದು ಕಾಂಬಿ ಬಾಯ್ಲರ್ (ನೀರನ್ನ ತುಂಬಿಡದೆ, ಬೇಕಾದಾಗಲೇ ಕಾಯಿಸಿ ಕೊಡೋದು) ಆಗಿದ್ರೆ ಬಿಸಿನೀರಿನ ಸಿಲಿಂಡರ್‌ಗೆ ಜಾಗವೂ ಬೇಕು, ನಮ್ಮ ಮನೇಲಿ ಬಟ್ಟೆ ಬೀರು ಹೋಯ್ತು.