ಬ್ಯಾಕ್ಟೀರಿಯಾವನ್ನು ಕೊಲ್ಲುವ ಮದ್ದು ಬ್ಯಾಕ್ಟೀರಿಯಾದಿಂದಲೇ ಸಿಗುವುದು ಹೇಗೆ?

ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಮೊದಲ ಮಳೆಗೆ ಏಳುವ ಮಣ್ಣಿನ ಘಮದ ಹಿಂದೆ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳಿವೆ. ಆಹಾರಕ್ಕೆ ಪೈಪೋಟಿ ನಡೆಸುವ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕಬಲ್ಲ ರಾಸಾಯನಿಕಗಳನ್ನು ಇವು ಸ್ರವಿಸುತ್ತವೆ. ಕ್ಷಯಕ್ಕೆ ನಾಟಿದ ಮೊದಲ ಆಂಟಿಬಯೋಟಿಕ್ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತದ್ದು ಈ ಕುಲದಿಂದಲೇ.

ತೊಡಕೆಂದರೆ, ಮಣ್ಣಿನ ಬಹುಪಾಲು ಬ್ಯಾಕ್ಟೀರಿಯಾಗಳು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಅಮೆರಿಕದ ವಿಜ್ಞಾನಿಗಳು ಅವನ್ನು ಒಂದೊಂದಾಗಿ ಪುಟ್ಟ ಗುಳಿಗಳಲ್ಲಿ ಕೂರಿಸಿ, ತೆಳುಪೊರೆ ಮುಚ್ಚಿ, ಮತ್ತೆ ಮಣ್ಣಿನೊಳಗೇ ಇಟ್ಟು ಬೆಳೆಸಿದರು. 2015ರಲ್ಲಿ ಪ್ರಕಟವಾದ ಟೀಕ್ಸೊಬ್ಯಾಕ್ಟಿನ್ ಎಂಬ ಆಂಟಿಬಯೋಟಿಕ್ ಅದರ ಫಲ. ಬ್ಯಾಕ್ಟೀರಿಯಾಗಳು ತಮ್ಮ ಕೋಶಭಿತ್ತಿ ಕಟ್ಟಲು ಬೇಕಾದ ಕೊಬ್ಬಿನ ಅಣುವನ್ನೇ ಅದು ಹಿಡಿದಿಡುತ್ತದೆ. ಆ ಅಣು ಪ್ರೋಟೀನ್ ಅಲ್ಲದ್ದರಿಂದ ಒಂದು ವಂಶವಾಹಿ ಬದಲಾದ ಮಾತ್ರಕ್ಕೆ ಬದಲಾಗದು; ಹಾಗಾಗಿ ಪ್ರತಿರೋಧ ಹುಟ್ಟುವುದು ಕಷ್ಟ.

ಆದರೆ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಅದು ದಾಟಲಾರದು. ಸಂಶೋಧನೆಯ ಹಣ ಮೊದಲು ಹರಿಯಬೇಕಾದದ್ದು ಇಂಥವನ್ನು ಕೊಲ್ಲಬಲ್ಲ ಮದ್ದಿನ ಹುಡುಕಾಟಕ್ಕೆ ಎಂಬುದು ನನ್ನ ದೃಢ ಅಭಿಪ್ರಾಯ.