ಕೊನೆಗೆ ಉಳಿಯುವ ಮಗುವಿನ ಕೈಗೂ ಚೆಂಡು ಬರಲಿ

ಪ್ರಾಥಮಿಕ ಶಾಲೆಯ ಆಟದ ಪೀರಿಯಡ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅದೇ ನೋವನ್ನು ಬೇರೆ ಬೇರೆ ಮಾತಿನಲ್ಲಿ ತುಂಬಾ ಜನ ತಂದೆತಾಯಿಯರು ಬರೆದಿದ್ದಾರೆ.

ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ಪಿ.ಟಿ. ಪೀರಿಯಡ್ ಇರುವ ದಿನ ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಅಂತಾನೆ. ಡಾಕ್ಟರಿಗೆ ತೋರಿಸಿದೆವು, ಏನೂ ತೊಂದರೆ ಇಲ್ಲ ಅಂದರು. ಮೆಲ್ಲಗೆ ವಿಚಾರಿಸಿದಾಗ ಬಾಯಿಬಿಟ್ಟ: "ಟೀಮ್ ಮಾಡುವಾಗ ನನ್ನನ್ನ ಯಾರೂ ಕರೆಯಲ್ಲ. ಚೆಂಡು ಬಂದ್ರೆ ಕೈಬಿಡ್ತೀನಿ, ಎಲ್ರೂ ಬೈತಾರೆ." ಅವನಿಗೆ ಆಟ ಒಗ್ಗುವುದೇ ಇಲ್ಲವೇನೋ. ಬಲವಂತ ಮಾಡದೆ ಬಿಟ್ಟುಬಿಡೋಣವೇ?

ಉತ್ತರ: ದಯವಿಟ್ಟು ಬಿಡಬೇಡಿ. ಅವನ ಹೊಟ್ಟೆನೋವನ್ನು ನಾಟಕ ಅಂತಲೂ ಅನ್ನಬೇಡಿ. ಹೆದರಿಕೆಯಾದರೆ ಮಕ್ಕಳಿಗೆ ನಿಜಕ್ಕೂ ಹೊಟ್ಟೆ ನೋಯುತ್ತದೆ.

ಆಟ ಒಗ್ಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಓದಲು ತಡವರಿಸುವ ಮಗುವನ್ನು ನೋಡಿ ಇವನಿಗೆ ಅಕ್ಷರ ಒಗ್ಗುವುದಿಲ್ಲ ಅಂತ ಯಾರಾದರೂ ಕೈಬಿಡುತ್ತಾರಾ? ಮತ್ತೆ ಅ ಆ ಇ ಈ ಇಂದ ತಿದ್ದಿಸುತ್ತೇವೆ. ಆಟಕ್ಕೂ ಅಂಥದ್ದೇ ಒಂದು ಅಕ್ಷರಮಾಲೆ ಇದೆ. ಓಡುವುದು, ಕುಂಟುವುದು, ಜಿಗಿದು ಇಳಿಯುವುದು, ಎಸೆಯುವುದು, ಹಿಡಿಯುವುದು, ಒದೆಯುವುದು, ಒಂಟಿ ಕಾಲಲ್ಲಿ ನಿಲ್ಲುವುದು. ವಯಸ್ಸಾದಂತೆ ಇವೆಲ್ಲ ತಾವಾಗಿಯೇ ಚೆನ್ನಾಗಿ ಬಂದುಬಿಡುತ್ತವೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಬರುವುದಿಲ್ಲ. ಯಾರಾದರೂ ತೋರಿಸಿಕೊಡಬೇಕು, ಮಗು ನೂರಾರು ಸಲ ಮಾಡಿ ಮಾಡಿ ರೂಢಿಯಾಗಬೇಕು.

ಇವತ್ತು ಸಂಜೆ ಒಂದು ಕೆಲಸ ಮಾಡಿ. ನಾಲ್ಕು ಹೆಜ್ಜೆ ದೂರ ನಿಂತು ಅವನ ಕಡೆಗೆ ಒಂದು ಚೆಂಡು ಎಸೆಯಿರಿ. ಆಗ ಚೆಂಡನ್ನು ನೋಡಬೇಡಿ, ಅವನ ಮುಖ ನೋಡಿ. ಚೆಂಡು ಹತ್ತಿರ ಬರುತ್ತಿದ್ದಂತೆ ಕಣ್ಣು ಮುಚ್ಚಿಕೊಂಡನೇ? ಮುಖ ಪಕ್ಕಕ್ಕೆ ತಿರುಗಿತೇ? ಎರಡೂ ಕೈ ಕೋಲಿನ ಹಾಗೆ ಸೆಟೆದು ನಿಂತಿದ್ದವೇ? ಚೆಂಡು ಎದೆಗೆ ಬಡಿದ ಮೇಲೆ ತಬ್ಬಿ ಹಿಡಿಯಲು ನೋಡಿದನೇ? ಹಾಗಿದ್ದರೆ ಗಾಬರಿ ಬೇಡ. ಚಿಕ್ಕ ಮಕ್ಕಳು ಹಿಡಿಯಲು ಕಲಿಯುವಾಗ ಎಲ್ಲರೂ ಹತ್ತುವ ಮೊದಲ ಮೆಟ್ಟಿಲು ಅದು. ನಿಮ್ಮ ಮಗ ಇನ್ನೂ ಆ ಮೆಟ್ಟಿಲಲ್ಲಿದ್ದಾನೆ, ಅವನ ಜೊತೆಯವರು ಎರಡು ಮೆಟ್ಟಿಲು ಮೇಲಿದ್ದಾರೆ. ಅಷ್ಟೇ ವ್ಯತ್ಯಾಸ.

ಬಲೂನಿನಿಂದ ಶುರುಮಾಡಿ. ಅದು ತೇಲಿಕೊಂಡು ನಿಧಾನವಾಗಿ ಬರುತ್ತದೆ, ಮುಖಕ್ಕೆ ತಗುಲಿದರೂ ನೋಯುವುದಿಲ್ಲ. ಹಾಗಾಗಿ ಕಣ್ಣು ತಾನಾಗಿಯೇ ತೆರೆದಿರುತ್ತದೆ. ಒಂದು ವಾರ ಆದ ಮೇಲೆ ದೊಡ್ಡ ಮೆತ್ತನೆ ಚೆಂಡು ತೆಗೆದುಕೊಳ್ಳಿ. ನೇರವಾಗಿ ಎಸೆಯಬೇಡಿ, ನೆಲಕ್ಕೆ ಒಮ್ಮೆ ಪುಟಿಸಿ ಕೊಡಿ. ಆ ಚೆಂಡಿನ ಮೇಲೆ ನಾಲ್ಕೈದು ಕಡೆ ದಪ್ಪಕ್ಷರದಲ್ಲಿ ಅಂಕಿ ಬರೆದಿಡಿ. "ಯಾವ ಅಂಕಿ ಕಾಣಿಸ್ತು, ಹೇಳು" ಅನ್ನಿ. ಚೆಂಡು ನೋಡು ಚೆಂಡು ನೋಡು ಅಂತ ಹತ್ತು ಸಲ ಕೂಗುವುದಕ್ಕಿಂತ ಇದು ಒಳ್ಳೆಯದು, ಅಂಕಿ ಹುಡುಕುವ ಕಣ್ಣು ಚೆಂಡನ್ನು ಕೈವರೆಗೂ ಹಿಂಬಾಲಿಸುತ್ತದೆ. ಕೈಯ ವಿಷಯಕ್ಕೆ ಒಂದೇ ಮಾತು ಸಾಕು: "ಮುಂದೆ ಹೋಗಿ ತಗೋ, ನಿನ್ನ ಕಡೆಗೆ ಎಳ್ಕೋ." ಮೊಣಕೈ, ಬೆರಳು, ಪಾದ ಅಂತ ಎಲ್ಲವನ್ನೂ ಒಟ್ಟಿಗೆ ಹೇಳಿದರೆ ಮಗುವಿಗೆ ಏನೂ ತಲೆಗೆ ಹೋಗುವುದಿಲ್ಲ. ಚಿಕ್ಕ ಚೆಂಡು, ಗಟ್ಟಿ ಚೆಂಡು ಎಲ್ಲ ಕೊನೆಗೆ ಇರಲಿ. ದಿನಕ್ಕೆ ಹತ್ತು ನಿಮಿಷ, ಮನೆಯವರ ಹೊರತು ಯಾರೂ ನೋಡದ ಜಾಗದಲ್ಲಿ.

ಒಮ್ಮೆ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿಬಿಡಿ. ಗುಂಡಿ ಹಾಕಿಕೊಳ್ಳುವುದು, ಮೆಟ್ಟಿಲು ಇಳಿಯುವುದು, ಪೆನ್ಸಿಲ್ ಹಿಡಿಯುವುದು ಇಂಥ ದಿನನಿತ್ಯದ ಕೆಲಸಗಳಲ್ಲೂ ಅವನು ತುಂಬಾ ಒದ್ದಾಡುತ್ತಿದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ. ಕೆಲವು ಮಕ್ಕಳಿಗೆ ಕೈಕಾಲಿನ ಹೊಂದಾಣಿಕೆಯಲ್ಲೇ ತೊಡಕು ಇರುತ್ತದೆ. ಸರಿಯಾದ ಥೆರಪಿ ಕೊಡಿಸಿದರೆ ತುಂಬಾ ಸುಧಾರಿಸುತ್ತಾರೆ.

ಇಷ್ಟು ನಿಮ್ಮ ಕೈಯಲ್ಲಿರುವ ಕೆಲಸ. ಇನ್ನರ್ಧ ಶಾಲೆಯದು. ಮೇಷ್ಟ್ರನ್ನು ಒಬ್ಬರೇ ಇರುವಾಗ ಕಂಡು ನಡೆದದ್ದನ್ನು ಹೇಳಿ, ದೂರಿನ ದನಿ ಬೇಡ. ಇಬ್ಬರು ಕ್ಯಾಪ್ಟನ್‌ಗಳನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಸುವ ಪದ್ಧತಿ ನಿಲ್ಲಬೇಕು. ಕೊನೆಗೆ ಉಳಿದ ಮಗು ಎಲ್ಲರ ಕಣ್ಣಮುಂದೆ ನೆಲ ನೋಡುತ್ತಾ ನಿಂತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಇವತ್ತಿಗೂ ಸಂಕಟವಾಗುತ್ತದೆ. ಒಂದು ಎರಡು, ಒಂದು ಎರಡು ಅಂತ ಎಣಿಸಿದರೆ ಟೀಮ್ ಅರ್ಧ ನಿಮಿಷದಲ್ಲಿ ಆಗುತ್ತದೆ. ಔಟಾದವರು ಹೊರಗೆ ಕೂರಬೇಕು ಅನ್ನುವ ಆಟಗಳೂ ಹಾಗೇ. ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವರೇ ಮೊದಲು ಹೋಗಿ ಕೂರುತ್ತಾರೆ. ಔಟಾದ ಮಗು ಅಂಗಳದ ಸುತ್ತ ಒಂದು ಸುತ್ತು ಓಡಿ ಮತ್ತೆ ಆಟಕ್ಕೆ ಸೇರಿಕೊಳ್ಳಲಿ.

ಪ್ರಶ್ನೆ: ನಾನು ನಾಲ್ಕನೇ ತರಗತಿಯ ಶಿಕ್ಷಕಿ. ದೈಹಿಕ ಶಿಕ್ಷಣದ ತರಬೇತಿ ಆಗಿಲ್ಲ, ಆದರೂ ಆಟದ ಪೀರಿಯಡ್ ನನ್ನ ಪಾಲಿಗೇ ಬಂದಿದೆ. 40 ಮಕ್ಕಳು, ಎರಡು ಚೆಂಡು, ಚಿಕ್ಕ ಅಂಗಳ. ಸಾಲು ನಿಲ್ಲಿಸುವುದರಲ್ಲೇ ಸಮಯ ಕಳೆದುಹೋಗುತ್ತದೆ, ಗಲಾಟೆ ಬೇರೆ. ಏನು ಮಾಡಲಿ?

ಉತ್ತರ: ಮೇಡಂ, ಗಲಾಟೆಗೆ ಕಾರಣ ಮಕ್ಕಳಲ್ಲ, ಸಾಲು. ಸುಮ್ನೆ ಲೆಕ್ಕ ಹಾಕಿ ನೋಡಿ. ಎರಡು ಚೆಂಡು ಅಂದರೆ 20 ಮಕ್ಕಳ ಎರಡು ಸಾಲು. ಒಬ್ಬರ ಸರದಿಗೆ 15 ಸೆಕೆಂಡ್ ಹಿಡಿದರೂ ಮತ್ತೆ ಅದೇ ಮಗುವಿನ ಸರದಿ ಬರಲು 5 ನಿಮಿಷ ಬೇಕು. 30 ನಿಮಿಷದಲ್ಲಿ ಒಂದು ಮಗು ಚೆಂಡು ಮುಟ್ಟುವುದು 6 ಸಲ. ಮಿಕ್ಕ ಹೊತ್ತೆಲ್ಲ ನಿಂತಿರುವುದು. ನಿಂತ ಮಗು ಮುಂದಿನವನನ್ನು ತಳ್ಳದೆ ಇನ್ನೇನು ಮಾಡೀತು? ಅದೇ ನಾಲ್ಕು ನಾಲ್ಕು ಮಕ್ಕಳ ಹತ್ತು ಗುಂಪು ಮಾಡಿ, ಗುಂಪಿಗೊಂದು ಚೆಂಡು ಕೊಟ್ಟರೆ ನಿಮಿಷಕ್ಕೊಮ್ಮೆ ಸರದಿ, 30 ಸಲ.

ಹತ್ತು ಚೆಂಡು ಎಲ್ಲಿಂದ ತರುವುದು? ಹಳೆ ಕಾಲುಚೀಲದೊಳಗೆ ಚಿಂದಿ ಬಟ್ಟೆ ಬಿಗಿಯಾಗಿ ತುಂಬಿ ಬಾಯಿ ಕಟ್ಟಿದರೆ ಒಂದು ಚೆಂಡು. ಮಕ್ಕಳೇ ಮಾಡಿ ತರುತ್ತಾರೆ. ಇದು ಪುಟಿಯುವುದಿಲ್ಲ, ಉರುಳಿ ದೂರ ಹೋಗುವುದೂ ಇಲ್ಲ. ಚಿಕ್ಕ ಅಂಗಳಕ್ಕೆ ಅದೇ ಅನುಕೂಲ, ಚೆಂಡಿನ ಹಿಂದೆ ಓಡುವ ಹೊತ್ತೂ ಉಳಿಯುತ್ತದೆ.

ಮೊದಲ ವಾರ ಬೇರೇನೂ ಕಲಿಸಬೇಡಿ, ಶುರು ಮತ್ತು ನಿಲ್ಲು ಎರಡನ್ನೇ ಆಟ ಮಾಡಿ. ಒಂದು ಸೀಟಿಗೆ ಓಡಾಟ, ಎರಡು ಸೀಟಿಗೆ ಇದ್ದಲ್ಲೇ ಕಲ್ಲಿನ ಹಾಗೆ ನಿಲ್ಲುವುದು. ಎಸೆಯುವ ಆಟದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಎಸೆಯಲಿ, ನೀವು ಸೀಟಿ ಊದಿದ ಮೇಲೆಯೇ ಹೆಕ್ಕಿಕೊಳ್ಳಲು ಹೋಗಲಿ. ಇದೊಂದನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಪೆಟ್ಟಾಗುವುದು ತುಂಬಾ ಕಡಿಮೆಯಾಗುತ್ತದೆ.

ತರಬೇತಿ ಇಲ್ಲ ಅಂತ ಅಳುಕಬೇಡಿ. ಒಂದು ಕೌಶಲಕ್ಕೆ ಒಂದು ಸೂಚನೆ ಗೊತ್ತಿದ್ದರೆ ಸಾಕು. ಎಸೆತಕ್ಕೆ: ಬಲಗೈಯಲ್ಲಿ ಎಸೆಯುವ ಮಗು ಎಡಗಾಲು ಮುಂದಿಡಬೇಕು. ಎಷ್ಟೋ ಮಕ್ಕಳು ಕಾಲೇ ಎತ್ತುವುದಿಲ್ಲ, ಇಲ್ಲವೇ ಬಲಗಾಲನ್ನೇ ಮುಂದಿಡುತ್ತಾರೆ. ಆಗ ಸೊಂಟ ತಿರುಗುವುದಿಲ್ಲ, ಪೂರ್ತಿ ಭಾರ ಭುಜದ ಮೇಲೆ ಬೀಳುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಪಾದ ಬರೆದು ಅದರ ಮೇಲೆ ಎಡಗಾಲು ಇಡಿಸಿ, ಎಸೆತ ಅಲ್ಲೇ ಬದಲಾಗುವುದನ್ನು ನೀವೇ ನೋಡುತ್ತೀರಿ. ಎಡಚ ಮಕ್ಕಳಿಗೆ ಇದು ತಿರುಗಾಮುರುಗಾ, ಮರೆಯಬೇಡಿ. ಜಿಗಿತಕ್ಕೆ: "ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿ." ಮೊಣಕಾಲು ಬಗ್ಗಿಸು ಅಂತ ಬೇರೆ ಹೇಳಬೇಕಾಗಿಲ್ಲ, ಸದ್ದು ಮಾಡಬಾರದು ಅಂದರೆ ಅದು ಬಗ್ಗಲೇಬೇಕು.

ದೊಡ್ಡವರ ಅಳತೆಯನ್ನು ಮಕ್ಕಳ ಮೇಲೆ ಹೇರಬೇಡಿ. ಬ್ಯಾಸ್ಕೆಟ್‌ಬಾಲ್ ರಿಂಗ್ 3.05 ಮೀಟರ್ ಎತ್ತರದಲ್ಲಿರುತ್ತದೆ. ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದನ್ನು 2.60 ಮೀಟರಿಗೆ ಇಳಿಸಿದ್ದಾರೆ, ಚೆಂಡೂ ಚಿಕ್ಕದು. ನೀವೂ ಗೆರೆ ಹತ್ತಿರ ತನ್ನಿ, ಗುರಿ ದೊಡ್ಡದು ಮಾಡಿ.

ಪ್ರಶ್ನೆ: ಮಗಳಿಗೆ 10 ವರ್ಷ, ಚೆನ್ನಾಗಿ ಓಡುತ್ತಾಳೆ. ಕೋಚ್ ವಾರಕ್ಕೆ ಆರು ದಿನ ಬರೀ ಓಟದ ತರಬೇತಿ ಕೊಡುತ್ತಿದ್ದಾರೆ. ಒಂದು ತಿಂಗಳಿಂದ ಹಿಮ್ಮಡಿ ನೋವು ಅಂತಿದ್ದಾಳೆ. ಅಭ್ಯಾಸ ಬಿಡಿಸಿದರೆ ಹಿಂದೆ ಬೀಳುತ್ತಾಳಾ?

ಉತ್ತರ: ಮೊದಲು ನೋವಿನ ವಿಷಯ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಮೆಲ್ಲಗೆ ಒತ್ತಿ ನೋಡಿ. ಅಲ್ಲೇ ನೋವಾದರೆ ಅದು ಬೆಳೆಯುವ ಎಲುಬಿನ ನೋವು ಇರಬಹುದು. ಸುಮಾರು 8ರಿಂದ 14 ವರ್ಷದೊಳಗೆ ಹಿಮ್ಮಡಿ ಎಲುಬಿನ ಬೆಳೆಯುವ ಭಾಗ ಇನ್ನೂ ಮೆದುವಾಗಿರುತ್ತದೆ. ಮೀನಖಂಡದಿಂದ ಬರುವ ದಪ್ಪ ಸ್ನಾಯುರಜ್ಜು ಪ್ರತಿ ಹೆಜ್ಜೆಗೂ ಅದನ್ನು ಜಗ್ಗುತ್ತದೆ. ಓಟ ಜಾಸ್ತಿಯಾದರೆ ನೋವು ಶುರು. ಓಟ, ಜಿಗಿತ ಕಡಿಮೆ ಮಾಡಿ, ಮೆತ್ತನೆ ಹಿಮ್ಮಡಿ ಇರುವ ಬೂಟು ಹಾಕಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಿ. ಸಾಮಾನ್ಯವಾಗಿ ಇಷ್ಟಕ್ಕೇ ಇಳಿಯುತ್ತದೆ. ಆದರೆ ನಿಮ್ಮ ಮಗಳಿಗೆ ಒಂದು ತಿಂಗಳಾಗಿದೆ, ಹಾಗಾಗಿ ಡಾಕ್ಟರಿಗೆ ತೋರಿಸಿ. ಕುಂಟುತ್ತಿದ್ದರೆ, ಊತ ಇದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ ನಾಳೆಯೇ ಹೋಗಿ.

ಇನ್ನು ಆರು ದಿನ ಒಂದೇ ಆಟ. ಈ ವಯಸ್ಸಿಗೆ ಅದು ಅತಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದು, ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು ಸುಮಾರು 15-16 ವರ್ಷದವರೆಗೆ ಮುಂದಕ್ಕೆ ಹಾಕಿ. ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಕೊಡಿ ಅಂತ. ಆ ಬಿಡುವಿನಲ್ಲಿ ಈಜಲಿ, ಚೆಂಡಾಡಲಿ, ಹಗ್ಗ ಹಾರಲಿ. ಬೇರೆ ಆಟ ಆಡಿದ ಮಕ್ಕಳು ಹಿಂದೆ ಬೀಳುವುದಿಲ್ಲ. ನೋವು ಹೆಚ್ಚಾಗಿ, ಬೇಸರ ಬಂದು ಆಟವನ್ನೇ ಬಿಟ್ಟ ಮಕ್ಕಳು ಮಾತ್ರ ವಾಪಸ್ ಬರುವುದು ಕಡಿಮೆ. ಕೋಚ್ ಇದನ್ನು ಒಪ್ಪದಿದ್ದರೆ ನಾನಾಗಿದ್ದರೆ ಕೋಚ್ ಬದಲಿಸುತ್ತಿದ್ದೆ.

ಪ್ರಶ್ನೆ: ಪರೀಕ್ಷೆ ಹತ್ತಿರ ಬಂದರೆ ಆಟದ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಹೋಂವರ್ಕ್ ಮಾಡದವರನ್ನೂ ಆಟಕ್ಕೆ ಬಿಡುವುದಿಲ್ಲ. ಇದು ಸರಿಯೇ?

ಉತ್ತರ: ಸರಿಯಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಬೆವರು ಬರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಯುನೆಸ್ಕೋ 1978ರಲ್ಲೇ ದೈಹಿಕ ಶಿಕ್ಷಣ ಎಲ್ಲರ ಹಕ್ಕು ಎಂದು ಸನ್ನದು ಹೊರಡಿಸಿತು, 2015ರಲ್ಲಿ ಅದನ್ನು ಪರಿಷ್ಕರಿಸಿತು. ತಪ್ಪು ಮಾಡಿದ್ದಕ್ಕೆ ಗಣಿತದ ಪೀರಿಯಡ್ ಕಿತ್ತುಕೊಳ್ಳುವುದಿಲ್ಲ ಅಲ್ವಾ? ಆಟದ್ದನ್ನೂ ಕಿತ್ತುಕೊಳ್ಳಬಾರದು. ಕೂತಲ್ಲಿ ಕೂರಲಾಗದೆ ಚಡಪಡಿಸುವ ಮಗುವಿಗೆ ಆಟ ತಪ್ಪಿಸಿದರೆ ಮುಂದಿನ ಪೀರಿಯಡ್‌ನಲ್ಲಿ ಕಷ್ಟ ಮೇಷ್ಟ್ರಿಗೇ. ಪೋಷಕರ ಸಭೆಯಲ್ಲಿ ನಾಲ್ಕೈದು ಜನ ಒಟ್ಟಾಗಿ ಕೇಳಿ. ಒಬ್ಬರೇ ಕೇಳಿದರೆ ದೂರಿನ ಹಾಗೆ ಕಾಣುತ್ತದೆ.

ಪ್ರಶ್ನೆ: ಮಗನಿಗೆ ಆಸ್ತಮಾ ಇದೆ. ಓಟದ ಆಟಗಳಿಂದ ದೂರ ಇಡಬೇಕೇ?

ಉತ್ತರ: ಬೇಡ. ಆಸ್ತಮಾ ಹತೋಟಿಯಲ್ಲಿದ್ದರೆ ಅವನು ಎಲ್ಲರಂತೆ ಓಡಬಹುದು. ಆಡುವ ಮೊದಲು ಇನ್ಹೇಲರ್ ತೆಗೆದುಕೊಳ್ಳಬೇಕೇ, ಎಷ್ಟು ಅನ್ನುವುದನ್ನು ಡಾಕ್ಟರ ಹತ್ತಿರ ಬರೆಸಿಕೊಂಡು ಶಾಲೆಗೆ ಒಂದು ಪ್ರತಿ ಕೊಡಿ. ಒಮ್ಮೆಲೇ ಜೋರಾಗಿ ಓಡಿಸದೆ ಹತ್ತು ನಿಮಿಷ ನಿಧಾನವಾಗಿ ಮೈ ಬೆಚ್ಚಗೆ ಮಾಡಿಸಲಿ. ಓಟದ ನಡುವೆ ಚೆನ್ನಾಗಿದ್ದು, ನಿಲ್ಲಿಸಿದ ಐದು ಹತ್ತು ನಿಮಿಷಕ್ಕೆ ಉಬ್ಬಸ ಹೆಚ್ಚಾಗುವುದುಂಟು. ಮೇಷ್ಟ್ರಿಗೆ ಇದು ಗೊತ್ತಿರಬೇಕು, ಯಾಕೆಂದರೆ ಅಷ್ಟು ಹೊತ್ತಿಗೆ ಮಗು ತರಗತಿಯಲ್ಲಿ ಕೂತಿರುತ್ತದೆ. ಇನ್ಹೇಲರ್ ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಪ್ರಯೋಜನವಿಲ್ಲ. ಅಂಗಳದಲ್ಲಿ, ಮೇಷ್ಟ್ರ ಚೀಲದಲ್ಲಿ ಇರಬೇಕು. ಅದನ್ನು ಕೊಟ್ಟ ಮೇಲೂ ಮಾತಾಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಮನೆಯವರು ಬರಲಿ ಅಂತ ಕಾಯದೆ ತಕ್ಷಣ ಆ್ಯಂಬುಲೆನ್ಸ್ ಕರೆಸಲಿ.